ಐನೂರು ಗುಂಡಿ

ಏಳು ವರ್ಷದ ಹಿಂದೆ, ಜೂನ್ 5ಕ್ಕೆ, ನಾವು ಆಫೀಸಿನವರೆಲ್ಲ ದಾವಣಗೆರೆಯಿಂದ ಎರಡು ಟೆಂಪೊ ಮಾಡಿಕೊಂಡು ಜಗಳೂರು ಕಡೆಯ ಒಂದು ಹಳ್ಳಿಗೆ ಗಿಡ ನೆಡಲು ಹೋದೆವು. ಊರ ಹೊರಗಿನ ಗೋಮಾಳ. ನಾವು ಹೋಗುವಷ್ಟರಲ್ಲಿ ಜೆಸಿಬಿ ಬಂದು ಗುಂಡಿ ತೋಡಿಟ್ಟಿತ್ತು. ಐನೂರು ಗುಂಡಿ. ಹೊಂಗೆ, ಬೇವು, ನೇರಳೆ, ಒಂದಿಷ್ಟು ಹುಣಸೆ. ಹಸಿರು ಟೀ ಶರ್ಟು, ಬ್ಯಾನರು, ಫೋಟೊ, ಮಧ್ಯಾಹ್ನಕ್ಕೆ ಪಲಾವ್, ಮೊಸರುಬಜ್ಜಿ. ನಾನು ಏಳು ಗಿಡ ನೆಟ್ಟೆ. ಸಂಜೆ ಸ್ಟೇಟಸ್‌ಗೂ ಹಾಕಿದೆ.

ಊಟದ ಹೊತ್ತಿಗೆ ಒಬ್ಬ ಅಜ್ಜ ಬಂದು ನಿಂತರು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು. ಅವರ ಕುರಿಗಳು ಜೆಸಿಬಿ ಸದ್ದಿಗೆ ಹೆದರಿ ದೂರದಲ್ಲೇ ಗುಂಪುಗಟ್ಟಿದ್ದವು. ನಮ್ಮವರೊಬ್ಬರು ಅಜ್ಜನ ಕೈಗೂ ಒಂದು ತಟ್ಟೆ ಕೊಟ್ಟರು. ತಿನ್ನುತ್ತಾ ಅಜ್ಜ ಕೇಳಿದರು:

"ಎಷ್ಟು ಗುಂಡಿ ಹೊಡಿಸಿದ್ರಿ ಸ್ವಾಮಿ?"

"ಐನೂರು ಅಜ್ಜಾ."

"ಐನೂರು ಗುಂಡಿಯಷ್ಟು ಹುಲ್ಲು ಹೋತಲ್ಲಪ್ಪ."

ನಾವು ನಕ್ಕೆವು. ಅಜ್ಜನೂ ನಕ್ಕರು. ತಮಾಷೆ ಅಂದುಕೊಂಡು ವಾಪಸ್ ಬಂದೆವು.

ಮೂರು ವರ್ಷ ಬಿಟ್ಟು ಜಗಳೂರಿಗೆ ಒಂದು ಮದುವೆಗೆ ಹೋದಾಗ, ಸುಮ್ನೆ ನೋಡಿ ಬರೋಣ ಅಂತ ಆ ಕಡೆ ಗಾಡಿ ತಿರುಗಿಸಿದೆ. ಐನೂರರಲ್ಲಿ ಬದುಕಿದ್ದವು ಹತ್ತಿಪ್ಪತ್ತು ಇರಬಹುದು. ಹಾಗಂತ ಗುಂಡಿಗಳು ಖಾಲಿ ಇರಲಿಲ್ಲ. ಬಹಳಷ್ಟು ಗುಂಡಿಗಳಲ್ಲಿ ಬಳ್ಳಾರಿ ಜಾಲಿ ಅನ್ನುವ ಮುಳ್ಳುಗಿಡ ಎದ್ದಿತ್ತು. ಸಡಿಲ ಮಣ್ಣು, ಮಳೆ ಬಂದರೆ ನಿಲ್ಲುವ ನೀರು. ಜಾಲಿಗೆ ಇನ್ನೇನು ಬೇಕು? ಕುರಿ, ಆಡು, ದನ ಅದರ ಸಿಹಿ ಕಾಯಿ ತಿನ್ನುತ್ತವೆ. ಬೀಜ ಕರಗುವುದಿಲ್ಲ. ಸಗಣಿ, ಹಿಕ್ಕೆ ಜೊತೆ ಬಿದ್ದು ಹುಟ್ಟುತ್ತದೆ. ಬಿತ್ತಿದವು ಕುರಿಗಳು. ಮಡಿ ಮಾಡಿಕೊಟ್ಟವರು ಮಾತ್ರ ನಾವೇ.

ಅವತ್ತು ಅಜ್ಜನ ಮಾತು ಅರ್ಥವಾಯಿತು ಅಂದರೆ ಸುಳ್ಳಾಗುತ್ತದೆ. ಹೊಟ್ಟೆಯಲ್ಲಿ ಏನೋ ಕಸಿವಿಸಿ ಆಯಿತು, ಅಷ್ಟೆ. ಆಮೇಲಿಂದ ವರ್ಷಕ್ಕೆ ಎರಡು ಮೂರು ಸಲ ಆ ಊರಿಗೆ ಹೋಗುತ್ತಿದ್ದೇನೆ. ಹುಲ್ಲಿನ ಬಗ್ಗೆ ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದೇನೆ. ಮನೆಯಲ್ಲಿ ನನಗೆ ಇದೊಂದು ಹುಚ್ಚು ಅಂತ ಹೆಸರಾಗಿದೆ.

ನನ್ನ ಅಮ್ಮನ ತವರು ಚಳ್ಳಕೆರೆ ತಾಲ್ಲೂಕು. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಅಲ್ಲೇ. ದಸರೆ ರಜೆಗೂ ಒಮ್ಮೊಮ್ಮೆ ಹೋಗುತ್ತಿದ್ದೆವು, ಆಗ ಮಾತ್ರ ಆ ನೆಲದ ಇನ್ನೊಂದು ಮುಖ ಕಾಣುತ್ತಿತ್ತು. ಕರಡದ ಹುಲ್ಲು ಮೊಣಕಾಲುದ್ದ ಬೆಳೆದು ಕೆಂಚಗೆ ಮಾಗಿರುತ್ತಿತ್ತು. ಅದರ ಮುಳ್ಳು ಚಡ್ಡಿಗೆ ಹೊಲಿದಂತೆ ಚುಚ್ಚಿಕೊಳ್ಳುತ್ತಿತ್ತು. ಒಂದೊಂದೇ ಕಿತ್ತು ಅಂಗೈ ಮೇಲಿಟ್ಟು ಎಂಜಲು ಹಚ್ಚಿದರೆ, ಅದರ ಬಾಲ ಗರಗರ ತಿರುಗುವುದು. ನಮಗೆ ಆಟ. ಹುಲ್ಲಿಗೆ ಅದೇ ಬದುಕುವ ದಾರಿ: ಒದ್ದೆಯಾದಾಗ ತಿರುಗಿ ತಿರುಗಿ ಬೀಜವನ್ನು ಮಣ್ಣಿನೊಳಗೆ ಕೊರೆದು ಕೂರಿಸುತ್ತದೆ. ಅಜ್ಜಿ ಹಂಚಿಕಡ್ಡಿ ಕಿತ್ತು ತಂದು ಪೊರಕೆ ಕಟ್ಟುತ್ತಿದ್ದಳು. ಬಾದೆ ಹುಲ್ಲು ಸೂರಿಗೆ. ಆ ಜಾಗವನ್ನು ಅಜ್ಜಿ "ಕಾವಲು" ಅನ್ನುತ್ತಿದ್ದಳು. ದೊಡ್ಡವನಾದ ಮೇಲೆ ಕಾಗದ ಪತ್ರಗಳಲ್ಲಿ ಅಂಥ ನೆಲಕ್ಕೆ ಬೇರೆ ಹೆಸರು ಕಂಡೆ. ಬೀಳು. ಖರಾಬು. ಪಾಳು. ಅಜ್ಜಿಯ ಮಾತಿನಲ್ಲಿ ಯಾರೋ ಕಾಯುತ್ತಿದ್ದ ನೆಲ. ಕಾಗದದಲ್ಲಿ ಯಾರಿಗೂ ಬೇಡದ ನೆಲ.

ಬ್ರಿಟಿಷರ ಕಾಲದ ಕಂದಾಯ ಲೆಕ್ಕಕ್ಕೆ ಕಂದಾಯ ಕೊಡದ ನೆಲವೆಲ್ಲ ಪಾಳು ನೆಲವೇ. ಅವರು ಹೋಗಿ ಎಪ್ಪತ್ತೆಂಟು ವರ್ಷವಾಯಿತು, ಆ ಕಣ್ಣು ಮಾತ್ರ ನಮ್ಮಲ್ಲಿ ಹಾಗೇ ಉಳಿದಿದೆ. ಗುಂಡಿ ತೋಡಿಸಿದ ನಮ್ಮದೂ ಅದೇ ಕಣ್ಣು. ಮರವಿಲ್ಲದ ಕಡೆ ಏನೋ ಕಳೆದುಹೋಗಿದೆ, ನಾವು ತುಂಬಿಕೊಡಬೇಕು ಅಂತ ಹೊರಟಿದ್ದೆವು. ಚಳ್ಳಕೆರೆ, ಜಗಳೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಅಷ್ಟು ನೀರಿನಲ್ಲಿ ಆ ನೆಲ ತಾನೇ ಆರಿಸಿಕೊಂಡಿದ್ದು ಹುಲ್ಲು, ನಡುನಡುವೆ ಕಾರೆ, ತಂಗಡಿ, ಬಂದರಿಕೆ ಪೊದೆ, ಅಲ್ಲೊಂದು ಇಲ್ಲೊಂದು ನಾಟಿ ಜಾಲಿ. ಹಾಳಾದ ಕಾಡಲ್ಲ ಅದು. ಇರುವುದೇ ಹಾಗೆ.

ಕಾವಲಿನ ಕತೆ ಹೇಳದೆ ಮುಂದೆ ಹೋಗಲಾಗದು. ಮೈಸೂರು ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ "ಬೆಣ್ಣೆ ಚಾವಡಿ" ಅಂತ ಒಂದು ಇಲಾಖೆಯೇ ಇತ್ತು. ಹೆಸರೇ ಹೇಳುವಂತೆ ಹಾಲು, ಬೆಣ್ಣೆಗೆ. ಹೈದರ್ ಅಲಿ 1779ರಲ್ಲಿ ಚಿತ್ರದುರ್ಗ ಹಿಡಿದಾಗ ಪಾಳೇಗಾರರ ದನಗಳೂ ಆ ಮಂದೆಗೆ ಸೇರಿದವು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ತೋಪಿನ ಗಾಡಿ ಎಳೆಯಲು, ದಂಡಿನ ಸಾಮಾನು ಹೊರಲು ಅವುಗಳಷ್ಟು ಚುರುಕು ದನ ಬೇರೆ ಇರಲಿಲ್ಲ. 1799ರ ನಂತರ ಮಂದೆ ಇಂಗ್ಲಿಷರ ಕೈಗೆ ಹೋಯಿತು. ಖರ್ಚು ಜಾಸ್ತಿ ಅಂತ 1860ರಲ್ಲಿ ಮಾರಿಯೇ ಬಿಟ್ಟರು. ಆಮೇಲೆ ಬುದ್ಧಿ ಬಂದು 1866ರಲ್ಲಿ ಮತ್ತೆ ಕಟ್ಟಲು ಶುರು ಮಾಡಿದರು.

(ನಡುವೆ ಒಂದು ಮಾತು. ದಾವಣಗೆರೆಯವರಾದ ನಾವು ಬೆಣ್ಣೆ ದೋಸೆ ಅಂದರೆ ಎದೆ ಉಬ್ಬಿಸುತ್ತೇವೆ. ಬೆಂಗಳೂರಿನಲ್ಲಿ ಸಿಗುವುದು ನಮ್ಮದಲ್ಲ ಅಂತ ಜಗಳ ಕಾಯುತ್ತೇವೆ. ಆ ಬೆಣ್ಣೆ ಕೊಟ್ಟ ಎಮ್ಮೆ ದನ ಎಲ್ಲಿ ಮೇಯ್ದಿತ್ತು ಅಂತ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ.)

ನನಗೆ ಇದರಲ್ಲಿ ತಲೆದೂಗುವಂತೆ ಮಾಡಿದ್ದು ಯುದ್ಧವಲ್ಲ, ಮೇವಿನ ಲೆಕ್ಕ. ಕಾವಲುಗಳನ್ನು ಕಾಲಕ್ಕೆ ತಕ್ಕಂತೆ ಹಂಚಿದ್ದರು. ಬೇಸಿಗೆ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಕೆರೆಯಂಗಳ, ನೆರಳು ಇರುವಂಥವು ಬೇಸಿಗೆಗೆ. ದನ ಒಂದು ಕಾವಲಿನಲ್ಲಿದ್ದಾಗ ಇನ್ನೊಂದು ಸುಮ್ಮನೆ ಮಲಗಿರುತ್ತಿತ್ತು. ಹುಲ್ಲಿಗೆ ಬೇಕಾದದ್ದು ಅದೊಂದೇ. ಅದರ ಚಿಗುರುವ ಕಣ್ಣು ಬುಡದಲ್ಲಿದೆ, ತುದಿಯಲ್ಲಿಲ್ಲ. ಮೇಯ್ದರೆ ಸಾಯುವುದಿಲ್ಲ. ಮಳೆ ಬಿದ್ದು ಚಿಗುರಿ, ತೆನೆ ಕಟ್ಟಿ, ಬೀಜ ಉದುರುವವರೆಗೆ ಬಿಟ್ಟರೆ ಸಾಕು. ಬಿಡದೆ ಮೇಯಿಸಿದರೆ ಮೊದಲು ರುಚಿಯ ಹುಲ್ಲು ಹೋಗುತ್ತದೆ, ಆಮೇಲೆ ಒರಟು ಹುಲ್ಲು, ಕೊನೆಗೆ ಜಾಲಿ. ಈಗ ಎಷ್ಟೋ ದುಡ್ಡು ಕೊಟ್ಟು ತಜ್ಞರನ್ನು ಕರೆಸಿ ಕೇಳುವ "ಸರದಿ ಮೇಯಿಸುವಿಕೆ" ನಮ್ಮ ಸೀಮೆಯಲ್ಲಿ ಇನ್ನೂರು ವರ್ಷದ ಹಿಂದೆಯೇ ನಡೆಯುತ್ತಿತ್ತು ಅಂತ ಗೊತ್ತಾದಾಗ ಖುಷಿಯಾಯಿತು. ಸ್ವಲ್ಪ ನಾಚಿಕೆಯೂ ಆಯಿತು.

ಆ ಕಾವಲುಗಳಲ್ಲಿ ದೊಡ್ಡದೊಂದು ಗೊಂಚಲು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ವರವು, ಖುದಾಪುರ, ಉಳ್ಳಾರ್ತಿ. 2010ರ ಆಸುಪಾಸು ಅಲ್ಲಿ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಒಂದು ಸೋಲಾರ್ ಕಂಪನಿ ಇವರ ನಡುವೆ ಹಂಚಿಕೆಯಾಯಿತು. ಕಾಂಪೌಂಡ್ ಎದ್ದಿತು. ಹೋರಾಟ ನಡೆಯಿತು, ಚೆನ್ನೈನ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. 2014ರಲ್ಲಿ ತೀರ್ಪೂ ಬಂತು. ಸಂಸ್ಥೆಗಳು ಉಳಿದವು. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊದವರು ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಅಂತ ಚಂದ್ರನ ಮೇಲಿರುವಂಥ ಗುಂಡಿಗಳನ್ನೇ ಮಾಡಿದರು. ದನ ಮೇಯುತ್ತಿದ್ದ ನೆಲ ಚಂದ್ರನಾಯಿತು! 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಇಳಿದಾಗ ನಾನೂ ಟಿ.ವಿ. ಮುಂದೆ ಕುಣಿದೆ. ಸುಳ್ಳೇಕೆ ಹೇಳಲಿ. ಆದರೆ ಚಂದ್ರನನ್ನು ಮಾಡಲು ಒಂದು ಜಾಗ ಹುಡುಕಿ ಅಂದರೆ ನಮಗೆ ಮೊದಲು ಕಣ್ಣಿಗೆ ಬೀಳುವುದು ಕಾವಲು. ಏನೂ ಇಲ್ಲದ ಜಾಗ ಅಂತ ತಾನೇ?

ಇನ್ನು ಜನ ಏನಂತಾರೆ? ಇಲ್ಲಿ ನನ್ನ ಪುಸ್ತಕದ ಲೆಕ್ಕವೆಲ್ಲ ಕೆಟ್ಟಿತು. ಸರ್ಕಾರ ಕಿತ್ತುಕೊಂಡಿತು, ಜನ ಕಳೆದುಕೊಂಡರು ಅನ್ನುವ ನೇರ ಕತೆ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ.

ಚಳ್ಳಕೆರೆ ಕಡೆಯ ನನ್ನ ಸೋದರಮಾವನ ಮಗನಿಗೆ ಗೋಡೆಯ ಬಗ್ಗೆ ಕೋಪವಿಲ್ಲ. "ಒಳಗೆ ಕೆಲಸ ಕೊಡ್ತೀವಂದ್ರು, ಕೊಡ್ಲಿಲ್ಲ, ಅದಕ್ಕೆ ಸಿಟ್ಟು ನಂಗೆ. ಹುಲ್ಲಿಗಲ್ಲ. ಕುರಿ ಕಾಯೋಕೆ ಹೆಣ್ಣು ಕೊಡ್ತಾರೇನ್ ಭಾವ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದಾವಣಗೆರೆಯಲ್ಲಿ ಎಸಿ ಆಫೀಸಿನಲ್ಲಿ ಕೂರುವವನು ಅವನಿಗೆ ಕುರಿ ಕಾಯಲು ಹೇಳುವುದು ಯಾವ ನ್ಯಾಯ? ಸೋದರಮಾವನ ಮಾತು ಬೇರೆ. ಅವರು ಗೋಮಾಳದಲ್ಲಿ ಮೂರು ಎಕರೆ ಉತ್ತುಕೊಂಡಿದ್ದಾರೆ, ಶೇಂಗಾ ಹಾಕುತ್ತಾರೆ. ಬಗರ್ ಹುಕುಂ, ಅಂದರೆ ಅನುಮತಿ ಇಲ್ಲದ ಸಾಗುವಳಿ. ಸಕ್ರಮ ಮಾಡಿಕೊಡಿ ಅಂತ ನಮೂನೆ 50, ನಮೂನೆ 53, ಈಗ ನಮೂನೆ 57. ಅರ್ಜಿಗಳ ಕಂತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ಕಂದಾಯ ನಿಯಮವಿದೆ. ಟ್ರ್ಯಾಕ್ಟರ್ ಬಂದು ಎತ್ತು ಹೋದವು. ದನ ಕಮ್ಮಿಯಾದರೆ ಗೋಮಾಳ "ಹೆಚ್ಚುವರಿ" ಆಗುತ್ತದೆ, ಹಂಚಬಹುದು. ಗೋಮಾಳ ಕಮ್ಮಿಯಾದರೆ ದನ ಇನ್ನೂ ಕಮ್ಮಿಯಾಗುತ್ತವೆ. ಮಾವ ಕಳ್ಳರಲ್ಲ. ಭೂಮಿ ಇಲ್ಲದವರಿಗೆ ಮೂರು ಎಕರೆ ಅಂದರೆ ಮರ್ಯಾದೆ. ಈಗ ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರುತ್ತದೆ ಅನ್ನುವ ಮಾತು ಬೇರೆ. ನೀರು ಬರುವ ಮೊದಲೇ ಎಕರೆಯ ರೇಟು ಏರಿ ಕೂತಿದೆ.

ದನ ಸಾಕುವ ಮ್ಯಾಸ ನಾಯಕರ ಒಂದು ಹಟ್ಟಿಯ ಕಿಲಾರಿಯೊಬ್ಬರ ಹತ್ತಿರ ಅರ್ಧ ದಿನ ಕೂತಿದ್ದೆ. ಅವರು ದೇವರ ಎತ್ತುಗಳನ್ನು ಕಾಯುವವರು. ಆ ದನಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಬರ ಬಂದಾಗ ಮೇವಿಗಾಗಿ ಊರೂರು ಕೇಳಿಕೊಂಡು ಹೋಗುವುದೂ ಉಂಟು. ಹುಲ್ಲು ಉಳಿಸಬೇಕು ಅಂತ ಭಾಷಣ ಮಾಡದೆ ಉಳಿಸಿಕೊಂಡು ಬಂದವರು ಯಾರಾದರೂ ಇದ್ದರೆ ಇವರೇ ಅಂತ ನನಗೆ ಅನ್ನಿಸುತ್ತದೆ. ಆದರೆ ಅವರು ನನ್ನ ಮೆಚ್ಚುಗೆಗೆ ಸೊಪ್ಪು ಹಾಕಲಿಲ್ಲ. "ದೇವರ ದನಕ್ಕೆ ಕೈ ಮುಗಿಯೋಕೆ ಎಲ್ಲಾರೂ ಬತ್ತಾರೆ. ಮೇಯೋಕೆ ಜಾಗ ಬಿಡ್ರಪ್ಪ ಅಂದ್ರೆ ಒಬ್ರೂ ಬರಲ್ಲ" ಅಂದರು.

ಜಾಲಿಯ ವಿಷಯದಲ್ಲಂತೂ ಎಲ್ಲರದೂ ಎರಡು ನಾಲಿಗೆ. ಹಾಳು ಜಾಲಿ, ನೆಲ ತಿಂದಿತು ಅಂತ ಬೈಯುತ್ತಾರೆ. ಕಿತ್ತು ಹಾಕೋಣವಾ ಅಂದರೆ "ಒಲೆಗೇನು ಇಡೋದು?" ಅನ್ನುತ್ತಾರೆ. ಇದ್ದಿಲು ಸುಡುವವರಿಗೆ ಅದೇ ಅನ್ನ. 2023ರ ಬರದಲ್ಲಿ ಎಷ್ಟೋ ಕುರಿ ಜಾಲಿಕಾಯಿ ತಿಂದೇ ಜೀವ ಹಿಡಿದವು. ಬುಡ ಬಿಟ್ಟು ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ, ಆದ್ದರಿಂದ ಸೌದೆಗೆ ಕಡಿಯುವವರಿಂದಲೂ ಅದು ಹೆಚ್ಚುತ್ತದೆ. ಬೈಗುಳ ತಿಂದು ಬೆಳೆಯುವ ಗಿಡ.

ಮರ ನೆಟ್ಟು ಹುಲ್ಲು ಕೊಂದ ಕತೆಗೆ ದೂರ ಹೋಗಬೇಕಿಲ್ಲ. ಹರಿಹರ ದಾಟಿದರೆ ರಾಣೆಬೆನ್ನೂರು. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಗಿದ್ದು, 119 ಚದರ ಕಿಲೋಮೀಟರ್. ಹುಲ್ಲು ಬಯಲಲ್ಲಿ ನೀಲಗಿರಿ ನೆಟ್ಟರು. ಎರೆಭೂತ ಅನ್ನುವ ಸೊಂಟದೆತ್ತರದ ಹಕ್ಕಿ ಅಲ್ಲಿಂದ ಕಾಣೆಯಾಯಿತು. ಅದಕ್ಕೆ ಬಯಲು ಬೇಕು, ತೋಪು ಬೇಡ. ಹಾಗೇ ಹಾನಗಲ್ ತಾಲ್ಲೂಕಿನ ಕುಸನೂರು. 1987ರ ನವೆಂಬರ್ 14ರಂದು ಅಲ್ಲಿ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹ ನಡೆಯಿತು. ಊರ ಸಾಮೂಹಿಕ ನೆಲದಲ್ಲಿ ಕಾರ್ಖಾನೆಗೆ ಬೇಕಾದ ಮರದ ತಿರುಳಿಗಾಗಿ ನೆಟ್ಟ ನೀಲಗಿರಿ ಸಸಿ ಕಿತ್ತು, ಜನ ತಮಗೆ ಬೇಕಾದ ಗಿಡ ಹಚ್ಚಿದರು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಆ ಹೆಸರು ನನಗೆ ಇಷ್ಟ. ಬರೀ ಕಿತ್ತಿಕೊ ಅಂತ ನಿಲ್ಲಿಸಲಿಲ್ಲ, ನೋಡಿ.

ಮತ್ತೆ ಜಗಳೂರು ಕಡೆಯ ಆ ಹಳ್ಳಿಗೆ ಬರುತ್ತೇನೆ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಊರ ಹುಡುಗರು ನಾಲ್ಕೈದು ಜನ ಸೇರಿ ಒಂದು ಮಾತು ಎತ್ತಿದರು. ನಮ್ಮ ಐನೂರು ಗುಂಡಿಯ ಜಾಗ ಸೇರಿ 20 ಎಕರೆಯನ್ನು ಮಳೆಗಾಲ ಪೂರ್ತಿ ಮೇಯಿಸದೆ ಬಿಡುವುದು. ಚಿಕ್ಕ ಜಾಲಿಯನ್ನು ಬೇರು ಸಮೇತ ಕೀಳುವುದು. ದೀಪಾವಳಿ ಕಳೆದ ಮೇಲೆ ಹುಲ್ಲು ಕೊಯ್ದು ಹಂಚಿಕೊಳ್ಳುವುದು. ಶಾಲೆಯ ಜಗಲಿ ಮೇಲೆ ಸಭೆ. ನನ್ನನ್ನೂ ಕರೆದಿದ್ದರು, ಪ್ರಾಯಶ್ಚಿತ್ತಕ್ಕೋ ಏನೋ.

ಮೊದಲ ಪ್ರಶ್ನೆ ಬಂದಿದ್ದು ಕೂಲಿ ಕೆಲಸ ಮಾಡಿಸಿ ಲೆಕ್ಕ ಬರೆಯುವವರೊಬ್ಬರಿಂದ. "ಗುಂಡಿ ತೋಡಿದ್ರೆ ಅಳತೆ ಹಿಡೀಬಹುದು. ಹುಲ್ಲು ಸುಮ್ನೆ ಬಿಟ್ರೆ ಏನಂತ ಬರೆಯೋದು?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಬ್ಯಾನರಿನ ಮೇಲೂ 500 ಅಂತ ದಪ್ಪಕ್ಷರದಲ್ಲಿತ್ತು. ಎಣಿಸಲು ಬರುವುದನ್ನೇ ನಾವು ಮಾಡುವುದು.

ಇನ್ನೊಬ್ಬರು ತಂತಿ ಬೇಲಿ ಹಾಕಿಸೋಣ ಅಂದರು. ಆಗ ಅಜ್ಜ ಮೊದಲ ಸಲ ಬಾಯಿ ಬಿಟ್ಟರು. "ಬೇಲಿ ಬಂದ ಮ್ಯಾಲೆ ಅದು ಊರಿಂದು ಆಗಲ್ಲ. ಯಾವನಾದ್ರೂ ಒಬ್ಬಂದು ಆಗ್ತೈತೆ." ಬೇಲಿ ಅಂದರೆ ಅವರು ಕಂಡಿದ್ದು ಅದನ್ನೇ. ಮೊದಲು ಗಿಡ ಕಾಯಲು ಬೇಲಿ, ಆಮೇಲೆ ಒಂದು ಬೋರ್ಡು, ಕೊನೆಗೆ ಯಾರದೋ ಹೆಸರಿಗೆ ಪಹಣಿ. ಹುಲ್ಲು ಮತ್ತೆ ಬರಲಿ ಅನ್ನುವುದಕ್ಕೆ ಜಗಲಿ ಮೇಲಿದ್ದ ಯಾರೂ ಎದುರಾಡಲಿಲ್ಲ. ಬಂದ ಹುಲ್ಲು ನಮ್ಮ ಕೈಗೆ ವಾಪಸ್ ಸಿಗುತ್ತದಾ ಅನ್ನುವುದೇ ಎಲ್ಲರ ಅನುಮಾನ. ಪೇಟೆಯವರು ಇದನ್ನು ತಿಳುವಳಿಕೆ ಇಲ್ಲದ ಜನ ಅನ್ನುತ್ತೇವೆ. ನನಗೆ ಕಂಡ ಮಟ್ಟಿಗೆ ಅವರ ತಿಳುವಳಿಕೆ ಜಾಸ್ತಿಯೇ ಇತ್ತು, ಅಲ್ವಾ?

ಕಂಬದ ಪಕ್ಕ ನಿಂತಿದ್ದ ಒಬ್ಬಾಕೆ, ಆರು ಆಡು ಸಾಕಿಕೊಂಡವರು, ಕೇಳಿದರು: "ಆ ಮೂರ್ನಾಲ್ಕು ತಿಂಗಳು ನನ್ನ ಆಡು ಎಲ್ಲಿಗೆ ಹೋಗ್ಲಿ? ನಿಮಗೆ ಹೊಲ ಐತೆ, ಬದು ಐತೆ. ಕುರಿಯೋರು ಭದ್ರಾ ಅಚ್ಚುಕಟ್ಟಿನ ಕೂಳೆಗೆ ಹೊಡ್ಕೊಂಡು ಹೋಗ್ತಾರೆ. ನನಗೆ ಇದೇ ಹೊಲ."

ಜಗಲಿ ಮೇಲೆ ಯಾರೂ ಮಾತಾಡಲಿಲ್ಲ. ನಾನು ನೋಟ್‌ಬುಕ್ ನೋಡುತ್ತಾ ಕೂತೆ.

ಕೊನೆಗೆ 20 ಎಕರೆ 10 ಆಯಿತು. ಆಕೆಯ ಆಡಿಗೆ ಹತ್ತಿರದ ಹೊಲದವರಿಬ್ಬರು ತಮ್ಮ ಬದುವಿನ ಹುಲ್ಲು ಬಿಟ್ಟುಕೊಡಲು ಒಪ್ಪಿದರು. ಒಬ್ಬರು ಮಾತು ಉಳಿಸಿಕೊಂಡರು, ಇನ್ನೊಬ್ಬರು ಎರಡನೇ ತಿಂಗಳಿಗೇ ಜಗಳ ತೆಗೆದರು. ಬೇಲಿ ಹಾಕಲಿಲ್ಲ. ಮೂಲೆಗೊಂದು ಕಲ್ಲಿಗೆ ಸುಣ್ಣ ಬಳಿದರು, ಅಷ್ಟೆ. ರಾತ್ರಿ ಹೊತ್ತು ಪಕ್ಕದೂರಿನ ದನ ನುಗ್ಗಿದ್ದೂ ಉಂಟು. ಆದರೂ ಅಕ್ಟೋಬರಿನಲ್ಲಿ ಹೋದಾಗ ಕರಡ ಮೊಣಕಾಲಿಗೆ ಬಂದಿತ್ತು. ಎಲ್ಲ ಕಡೆಯಲ್ಲ, ತೇಪೆ ತೇಪೆಯಾಗಿ. ನನ್ನ ಪ್ಯಾಂಟಿಗೆ ಮುಳ್ಳು ಚುಚ್ಚಿತು. ಎಷ್ಟು ವರ್ಷದ ಮೇಲೆ! ಹಂಚುವಾಗ ಮತ್ತೆ ಜಗಳವಾಯಿತಂತೆ. ದನ ಇಲ್ಲದ ಮನೆಗೂ ಪಾಲು ಬೇಕಾ ಬೇಡವಾ ಅಂತ. ಬೇಕು ಅಂತ ತೀರ್ಮಾನವಾಯಿತು, ಅವರು ಮಾರಿಕೊಂಡರು.

ಈ 2026ನೇ ವರ್ಷವನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಅಂತ ಸಾರಿದೆ. ಮೊನ್ನೆ ಹೋದಾಗ ಅಜ್ಜನಿಗೆ ಹೇಳಿದೆ. ಈ ವರ್ಷ ಲೋಕವೆಲ್ಲ ನಿಮ್ಮದೇ ಅಂತೆ ಅಜ್ಜಾ, ಅಂದೆ.

"ಹೌದಾ? ಯಾವ ತಿಂಗಳಿಂದ?" ಅಂದರು.

ಮೊದಲ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಹುಡುಗರು ಗುಂಡಿಗಳಲ್ಲಿದ್ದ ಜಾಲಿ ಕೀಳುತ್ತಿದ್ದರು. ಮಳೆ ಬಿದ್ದ ಮಾರನೇ ದಿನವಾದರೆ ಬೇರು ಸಲೀಸಾಗಿ ಬರುತ್ತದೆ, ಎರಡು ದಿನ ಬಿಟ್ಟರೆ ಗುದ್ದಲಿ ಬೇಕು. ಅಜ್ಜ ಹಿಂದೆ ಹಿಂದೆ ಬಂದು, ಕಿತ್ತ ಗುಂಡಿಗೆ ಸುತ್ತಲಿನ ಮಣ್ಣನ್ನು ಚಪ್ಪಲಿಯಿಂದ ಎಳೆದು ತುಂಬಿ, ಮೇಲೆ ಒಂದು ಹಿಡಿ ಒಣ ಕರಡ ಉದುರಿಸುತ್ತಿದ್ದರು. ನಾನು ನೆಟ್ಟ ಏಳು ಗುಂಡಿ ಯಾವುವು ಅಂತ ಹುಡುಕಿದೆ. ಆವತ್ತಿನ ಫೋಟೊ ಮೊಬೈಲಿನಲ್ಲಿತ್ತು, ತೆಗೆದು ನೋಡಿದೆ. ಹಿಂದೆ ಕಾಣುವ ಗುಡ್ಡ ಒಂದೇ ಗುರುತು. ಗೊತ್ತಾಗಲಿಲ್ಲ.

"ಯಾವ್ದಾದ್ರೂ ಏಳು ಮುಚ್ಚಪ್ಪ" ಅಂದರು ಅಜ್ಜ.